ಸಹಾಯ ಬೇಕು: ನಾಗಪುರದಿಂದ ಕಾಶಿಗೆ ಒಂದೇ ದಿನದಲ್ಲಿ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಗೆ ಬೆಂಗಳೂರಿನಿಂದ ಕಾಶಿಗೆ ಕಾರಲ್ಲೇ ಹೊರಟಿದ್ದೇವೆ. ಜೊತೆಗೆ ಅಪ್ಪ, ಅಮ್ಮ, ಹೆಂಡತಿ, ಪುಟ್ಟ ಮಗಳು. ನಾಗಪುರದವರೆಗೆ ಚಿಂತೆಯಿಲ್ಲ. ಅಲ್ಲಿಂದ ಸಿವನಿ, ಜಬಲ್ಪುರ, ಕಟ್ನಿ, ರೀವಾ ಮೇಲೆ ಸುಮಾರು 700 ಕಿ.ಮೀ. ಇದೆ. ಓಡಿಸುವವನು ನಾನೊಬ್ಬನೇ. ಪೆಂಚ್ ಕಾಡಲ್ಲಿ ಪ್ರಾಣಿಗಳು ಕೆಳಗೆ ದಾಟಲೆಂದೇ ರಸ್ತೆಯನ್ನು ಎತ್ತರಿಸಿದ್ದಾರೆ, ಮಗಳು ಅದನ್ನು ನೋಡಲು ಕಾಯುತ್ತಿದ್ದಾಳೆ.

ಅಪ್ಪನಿಗೆ ಮಂಡಿನೋವು. ಆಗಾಗ ಇಳಿದು ನಡೆಯಲೇಬೇಕು. ಹಾಗಾಗಿ ಜಬಲ್ಪುರದಲ್ಲಿ ಉಳಿದು, ಭೇಡಾಘಾಟ್ ನೋಡಿ, ಮರುದಿನ ಹೊರಡೋಣ ಅಂತ ನನಗೆ. ಅಮ್ಮನಿಗೆ ಬೇಗ ಗಂಗೆ ನೋಡುವ ಆಸೆ.

ಹೋಗಿಬಂದವರು ದಯವಿಟ್ಟು ಹೇಳಿ. ರೀವಾ ದಾಟಿದ ಮೇಲೆ ಮಿರ್ಜಾಪುರದ ಕಡೆಯ ಘಾಟಿಯನ್ನು ಕತ್ತಲಲ್ಲಿ ಇಳಿಯಬಹುದಾ? ಲಾರಿಗಳು ಜಾಸ್ತಿ ಇರುತ್ತವಾ? ಕಟ್ನಿ ಆಸುಪಾಸಲ್ಲಿ ಸಸ್ಯಾಹಾರಿ ಊಟ, ವೆಸ್ಟರ್ನ್ ಟಾಯ್ಲೆಟ್ ಎರಡೂ ಇರುವ ಢಾಬಾ ಗೊತ್ತಿದ್ದರೆ ತಿಳಿಸಿ.