ದೊಡ್ಡತ್ತೆ, ಮೇಜು ಬಿಡಿ, ನೋಟಿನ ಕಟ್ಟು ನೋಡಿ

ದೊಡ್ಡತ್ತೆ, ಬೆಳಿಗ್ಗೆ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ರಲ್ಲ, ಒಬ್ಬಾಕೆ ಹೋಟ್ಲಲ್ಲಿ ಊಟದ ಮೇಜನ್ನೇ ಎತ್ತಿ ಕೆಡವೋದು, ಕೆಳಗೆ "ನಿಮ್ಮ ನ್ಯೂಜೆರ್ಸಿ ಹೆಂಗಸ್ರೆಲ್ಲ ಹಿಂಗೇನಾ?" ಅಂತ ಬೇರೆ ಕೇಳಿದೀರಿ. ಎಲ್ರೂ ನಗೋ ಮುಖ ಒತ್ತಿ ಸುಮ್ನಾದ್ರು. ಈ ಗ್ರೂಪಲ್ಲಿ ನ್ಯೂಜೆರ್ಸಿಯೋಳು ನಾನೊಬ್ಳೇ, ಹಂಗಾಗಿ ಉತ್ತರ ಕೊಡೋದು ನನ್ನ ತಲೆಗೇ ಬಂತು. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಮಾತಾಡ್ತಾ ಹೋಗ್ತೀನಿ. ಉದ್ದ ಆಗತ್ತೆ, ಕಾಫಿ ಬಗ್ಗಿಸ್ಕೊಂಡು ಕೂತ್ಕೊಳ್ಳಿ.

ಮೊದ್ಲು, ಅದು ಈಗಿಂದಲ್ಲ. "ರಿಯಲ್ ಹೌಸ್‌ವೈವ್ಸ್ ಆಫ್ ನ್ಯೂಜೆರ್ಸಿ" ಅಂತ ಬ್ರಾವೋ ಚಾನೆಲ್ಲಿನ ರಿಯಾಲಿಟಿ ಶೋ, ಅದರ ಮೊದಲನೇ ಸೀಸನ್ನು. 2009ರ ಮೇ 12ಕ್ಕೆ ಶುರುವಾಗಿದ್ದು, ಮೇಜು ಬಿದ್ದಿದ್ದು ಜೂನ್ 16ರ ಕಂತಲ್ಲಿ. ಎರಡೂ ಮಂಗಳವಾರ. ಇಷ್ಟು ಕರೆಕ್ಟಾಗಿ ಹೆಂಗೆ ಹೇಳ್ತಾಳೆ ಅಂತೀರಾ? ಆಗ ನಾನು ಬಂದು ವರ್ಷ ಆಗಿರ್ಲಿಲ್ಲ. ನಮ್ಮೆಜಮಾನ್ರದ್ದು ಎಚ್-1ಬಿ ಅನ್ನೋ ಕೆಲಸದ ವೀಸಾ, ನಂದು ಎಚ್-4. ಅಂದ್ರೆ ಗಂಡನ ಬಾಲ ಹಿಡ್ಕೊಂಡು ಬಂದೋಳು ಅಂತ, ಆಗ ಒಂದು ಡಾಲರ್ ದುಡಿಯೋ ಹಾಗಿರ್ಲಿಲ್ಲ. ಎಚ್-4ನಲ್ಲಿ ಇರೋರಲ್ಲಿ ಕೆಲವರಿಗಾದ್ರೂ ಕೆಲಸ ಮಾಡೋಕೆ ಪರವಾನಗಿ ಸಿಗೋಕೆ ಶುರುವಾಗಿದ್ದು 2015ರಲ್ಲಿ. ಅಲ್ಲಿವರೆಗೂ ನಾನು ಎಂ.ಕಾಂ. ಸರ್ಟಿಫಿಕೇಟು ಸೂಟ್‌ಕೇಸಲ್ಲಿಟ್ಟು ಎಡಿಸನ್ನಿನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಲ್ಲಿ ಟಿವಿ ನೋಡ್ಕೊಂಡಿದ್ದೆ. ನಿಜವಾದ ಹೌಸ್‌ವೈಫು ಯಾರು ಅಂದ್ರೆ ನಾನೇ ಕಣ್ರೀ! ಆ ಟಿವಿಯೋರಿಗೆಲ್ಲ ದುಡ್ಡು ಕೊಟ್ಟು ಹೌಸ್‌ವೈಫ್ ಅಂತಿದ್ರು.

ಬಿಗ್ ಬಾಸ್ ಥರ ಒಂದು ಮನೆಯೊಳಗೆ ಕೂಡಿ ಹಾಕಲ್ಲ ಇದರಲ್ಲಿ. ಅವರವರ ಮನೆ, ಅವರವರ ಗಂಡ, ಮಕ್ಕಳು. ಕ್ಯಾಮೆರಾ ಹಿಂದೆ ಹಿಂದೆ ತಿರುಗತ್ತೆ. ಆಮೇಲೆ ಒಬ್ಬೊಬ್ಬರನ್ನೇ ಚೆನ್ನಾಗಿ ಸಿಂಗರಿಸಿ ಕುರ್ಚಿ ಮೇಲೆ ಕೂರಿಸಿ, "ಅವತ್ತು ಅವಳು ಹಂಗಂದಾಗ ನಿಂಗೇನನ್ನಿಸ್ತು" ಅಂತ ಕೇಳಿ, ಅದನ್ನ ಮಧ್ಯೆ ಮಧ್ಯೆ ತುರುಕ್ತಾರೆ. ಜಗಳಕ್ಕೆ ಒಗ್ಗರಣೆ ಬೀಳೋದು ಆ ಕುರ್ಚಿಯಲ್ಲೇ. ಕೊನೇಲಿ ಎಲ್ರನ್ನೂ ಒಂದು ಕಡೆ ಕೂರಿಸಿ ಆಂಡಿ ಕೋಹೆನ್ ಅನ್ನೋರು ಪಂಚಾಯ್ತಿ ಮಾಡ್ತಾರೆ.

ಈ ಸರಣಿ 2006ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಶುರುವಾದಾಗ ಗೇಟು ಹಾಕಿರೋ ಬಡಾವಣೆ ಹೆಂಗಸರ ಕಥೆ. ನಮ್ಮ ನ್ಯೂಜೆರ್ಸೀದು ಹಂಗಲ್ಲ, ಇಲ್ಲಿರೋದು ಇಟಲಿ ಮೂಲದ ತುಂಬಿದ ಮನೆ. ಕ್ಯಾರೊಲೈನ್, ಡೀನಾ ಒಡಹುಟ್ಟಿದ ಅಕ್ಕ ತಂಗಿ. ಇಬ್ರೂ ಮದುವೆ ಆಗಿದ್ದು ಮಾಂಜೋ ಅನ್ನೋ ಒಂದೇ ಮನೆಯ ಅಣ್ಣ ತಮ್ಮಂದಿರನ್ನ. ಜಾಕ್ವೆಲಿನ್ ಅನ್ನೋಳು ಕ್ಯಾರೊಲೈನ್ ತಮ್ಮನ ಹೆಂಡ್ತಿ. ಇಂಗ್ಲಿಷಲ್ಲಿ ಎಲ್ರೂ ಸಿಸ್ಟರ್-ಇನ್-ಲಾ, ಯಾರು ಯಾರಿಗೇನು ಅಂತ ಇವ್ರಿಗೆ ತಲೆ ಬುಡ ಅರ್ಥ ಆಗ್ಲಿಲ್ಲ. ನಾನು "ಅವರಿಬ್ರೂ ಅಕ್ಕ ತಂಗೀನೂ ಹೌದು, ವಾರಗಿತ್ತೀರೂ ಹೌದು, ಇವಳು ನಾದಿನಿ" ಅಂದೆ. ಅಷ್ಟೇ, ಮುಗೀತು. ಪ್ಯಾಟರ್ಸನ್ನಲ್ಲಿ ಬ್ರೌನ್‌ಸ್ಟೋನ್ ಅಂತ ಈ ಮಾಂಜೋ ಮನೆಯೋರದ್ದು ಒಂದು ದೊಡ್ಡ ಹಾಲು, ಮದುವೆ ಪಾರ್ಟಿ ಎಲ್ಲ ನಡೆಸಿಕೊಡ್ತಾರೆ. ನಮ್ಮ ಲೆಕ್ಕದಲ್ಲಿ ಛತ್ರದೋರು ಅನ್ನಿ.

ತೆರೇಸಾ ಇವರ ಮನೆಗೆ ಬೇಕಾದೋಳು. ನಿಮ್ಮ ವಿಡಿಯೋದಲ್ಲಿ ಮೇಜು ಎತ್ತಿದ ಮಹಾತಾಯಿ. ಇನ್ನು ಉಳಿದೋಳು ಡ್ಯಾನಿಯಲ್. ಗಂಡನ್ನ ಬಿಟ್ಟು ಎರಡು ಹೆಣ್ಣುಮಕ್ಕಳನ್ನ ಸಾಕ್ತಿರೋಳು, ಈ ಬಳಗಕ್ಕೆ ಸೇರದೋಳು. ಅವಳ ಹಳೇ ಜೀವನದ ಬಗ್ಗೆ, ಪೊಲೀಸು ಗಿಲೀಸು ಅಂತ, ಯಾವುದೋ ಕಾಲದಲ್ಲಿ ಬಂದಿದ್ದ ಒಂದು ಪುಸ್ತಕ ಊರಲ್ಲಿ ಕೈಯಿಂದ ಕೈಗೆ ಹೋಗತ್ತೆ. ಇಡೀ ಸೀಸನ್ನು ನಡೆಯೋದು ಅದರ ಮೇಲೇ. ಜಾಕ್ವೆಲಿನ್‌ಗೆ ಡ್ಯಾನಿಯಲ್ ಸ್ನೇಹಿತೆ, ಇತ್ತ ಗಂಡನ ಒಡಹುಟ್ಟಿದೋರು. ಪಾಪ, ಅತ್ತ ದರಿ ಇತ್ತ ಪುಲಿ. ಕೊನೇ ಕಂತಲ್ಲಿ ಎಲ್ರೂ ಹೋಟ್ಲಲ್ಲಿ ಊಟಕ್ಕೆ ಸೇರ್ತಾರೆ, ಡ್ಯಾನಿಯಲ್ ಆ ಪುಸ್ತಕಾನ ತಾನೇ ತಂದು ಮೇಜಿನ ಮೇಲಿಡ್ತಾಳೆ. "ಇದೇ ತಾನೇ ನೀವೆಲ್ಲ ಹಿಂದುಗಡೆ ಮಾತಾಡ್ತಿರೋದು, ಎದುರಿಗೇ ಮಾತಾಡಿ" ಅನ್ನೋ ಧಾಟಿ. ಮಾತಿಗೆ ಮಾತು ಬೆಳೆದು ತೆರೇಸಾಗೆ ಮೈಮೇಲೆ ಬಂದಂಗಾಗಿ ಮೇಜೆತ್ತಿ ತಳ್ಳಿದ್ಲು. ಬೈಗಳ ನಾನು ಇಲ್ಲಿ ಹೇಳಲ್ಲ, ಗ್ರೂಪಲ್ಲಿ ಮಕ್ಕಳಿದಾವೆ. ನಮ್ಮಲ್ಲೂ ಹಳೇದನ್ನ ಕೆದಕೋದು ಪಂಕ್ತಿಗೆ ಕೂತಾಗಲೇ ಅಲ್ವಾ? ಬಾಳೆಲೆ ನೆಲದ ಮೇಲೆ ಹಾಕ್ತಿದ್ದ ಕಾಲದಲ್ಲಿ ಎತ್ತಿ ಎಸೆಯೋಕೆ ಮೇಜಿರ್ಲಿಲ್ಲ, ಅಷ್ಟೇ ವ್ಯತ್ಯಾಸ.

2009ರಲ್ಲಿ ನಾನು ಪೂರ್ತಿ ತೆರೇಸಾ ಕಡೆ. ಮಕ್ಕಳು ಮರಿ ಸಂಸಾರ ಅಂತ ಇರೋಳು, ನಾಲಿಗೆ ಉದ್ದ, ಮನಸ್ಸು ಒಳ್ಳೇದು ಅಂದ್ಕೊಂಡಿದ್ದೆ. ಈ ಚಳಿಗಾಲ ಹಿಮ ಬಿದ್ದು ಎರಡು ದಿನ ಆಚೆ ಕಾಲಿಡೋಕೆ ಆಗ್ಲಿಲ್ಲ, ಆಗ ಅದೇ ಸೀಸನ್ ಇನ್ನೊಂದ್ಸಲ ಹಾಕ್ಕೊಂಡು ಕೂತೆ. ಡ್ಯಾನಿಯಲ್ ಏನೂ ಗಂಗಾಜಲ ಅಲ್ಲ, ಅವಳೂ ಕಡ್ಡಿ ಗೀರೋಳೇ. ಆದ್ರೂ ಅಷ್ಟು ಜನ ಒಂದು ಕಡೆ, ಅವಳೊಬ್ಳು ಇನ್ನೊಂದು ಕಡೆ ಕೂತಿರೋದು ನೋಡಿ ಹೊಟ್ಟೆ ಕಿವುಚಿದಂಗಾಯ್ತು. ಒಬ್ಬಂಟಿ ಹೆಂಗಸಿನ ಹಳೇ ಕಥೆ ತೆಗೆಯೋಕೆ ಎಷ್ಟು ಜನ ಸೇರ್ತಾರೆ ನೋಡಿ.

ತಡೀರಿ, ಕುಕ್ಕರ್ ಮೂರು ಕೂಗ್ತು, ಆರಿಸಿ ಬಂದೆ.

ಹಾಂ. ನಾನು ಹೇಳ್ಬೇಕು ಅಂದಿದ್ದು ಬೇರೆ. ಎಲ್ರೂ ಆ ಮೇಜು ನೋಡ್ತಾರೆ. ನೋಡ್ಬೇಕಾಗಿದ್ದು ಅದಕ್ಕಿಂತ ಮುಂಚೆ ಬರೋ ಸಾಮಾನಿನ ಅಂಗಡಿ. ತೆರೇಸಾ ಗಂಡ ಜೋ ಕಟ್ಟಡದ ಕಂಟ್ರಾಕ್ಟರು. ಟೊವಾಕೋ ಅನ್ನೋ ಊರಲ್ಲಿ ಅರಮನೆ ಥರ ಮನೆ ಕಟ್ಟಿಸ್ತಿರ್ತಾರೆ, ಎಲ್ಲಿ ನೋಡಿದ್ರೂ ಮಾರ್ಬಲ್ಲು, ಗ್ರಾನೈಟು. ಬೇರೆಯೋರು ಬದುಕಿ ಬಿಟ್ಟ ಮನೆ ತನಗೆ ಅಸಹ್ಯ ಅಂತಾಳೆ. ಆ ಹೊಸ ಮನೆಗೆ ಸೋಫಾ, ಮಂಚ ಅಂತ 1,20,000 ಡಾಲರಿನ ಸಾಮಾನು ತಗೊಂಡು, ನಗದು ಕಟ್ಟು ಕಟ್ಟಾಗಿ ತೆಗೆದು ಎಣಿಸಿ ಕೊಡ್ತಾಳೆ. ದೊಡ್ಡತ್ತೆ, ಇಲ್ಲಿ ನಾವು ಹಾಲು ತರೋಕೂ ಕಾರ್ಡು ಉಜ್ಜೋರು. ಅಂಗಡಿಯೋರು 10,000 ಡಾಲರಿಗಿಂತ ಜಾಸ್ತಿ ನಗದು ತಗೊಂಡ್ರೆ ತೆರಿಗೆ ಇಲಾಖೆಗೆ ಬರೆದು ತಿಳಿಸ್ಬೇಕು, ಅಂಥ ದೇಶ. ಆಗ ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕು ಮುಳುಗಿ ವರ್ಷ ತುಂಬಿರ್ಲಿಲ್ಲ, ನಮ್ಮೆಜಮಾನ್ರ ಪ್ರಾಜೆಕ್ಟು ಇವತ್ತೋ ನಾಳೆಯೋ ಅನ್ನೋ ಸ್ಥಿತಿ, ನಾನು ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ರೇಟು ನೋಡಿ ವಾಪಸ್ ಇಡ್ತಿದ್ದೆ. ಟಿವಿಯಲ್ಲಿ ಆ ಬೆರಳು ನೋಟು ಎಣಿಸೋದನ್ನ ಬಾಯಿ ಬಿಟ್ಕೊಂಡು ನೋಡಿದೆ. ನಂಗೆ ಅನುಮಾನ ಬರ್ಲಿಲ್ಲ ನೋಡಿ, ಗೌರವ ಬಂತು! ಮಾವ ಆ ಸೈಟು ತಗೊಂಡಾಗ ಪಂಚೆ ಸೊಂಟದಲ್ಲಿ ದುಡ್ಡು ಕಟ್ಕೊಂಡು ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದು ನೀವು ಎಷ್ಟು ಸಲ ಹೇಳಿಲ್ಲ. ನಗದು ಕೊಟ್ಟೋರಿಗೆ ಸಾಲ ಇಲ್ಲ, ಮರ್ಯಾದಸ್ಥರು. ನಾವು ಬೆಳೆದ ಲೆಕ್ಕ ಅದು.

ಅದೇ ವರ್ಷ ಅಕ್ಟೋಬರಲ್ಲಿ ಗಂಡ ಹೆಂಡ್ತಿ ದಿವಾಳಿ ಅರ್ಜಿ ಹಾಕಿದ್ರು. ಸಾಲ ಸುಮಾರು 1.1 ಕೋಟಿ ಡಾಲರು. ಕೋಟಿ, ಅದೂ ಡಾಲರಲ್ಲಿ. 2013ರ ಜುಲೈಯಲ್ಲಿ ಕೇಸು ಬಿತ್ತು, 39 ಆರೋಪ. ಇಲ್ಲದ ಕೆಲಸ, ಇಲ್ಲದ ಸಂಬಳ ತೋರಿಸಿ ಸುಳ್ಳು ಕಾಗದ ಕೊಟ್ಟು ಬ್ಯಾಂಕುಗಳಿಂದ ಸಾಲ ಎತ್ತಿದ್ರಂತೆ, ದಿವಾಳಿ ಅರ್ಜಿಯಲ್ಲಿ ಇದ್ದ ಆಸ್ತಿ, ಬರ್ತಿದ್ದ ಆದಾಯ ಮುಚ್ಚಿಟ್ಟಿದ್ರಂತೆ. ಟಿವಿ ಕಾರ್ಯಕ್ರಮದ ದುಡ್ಡೂ ಅದರಲ್ಲಿ ಸೇರಿತ್ತು. ಊರಿಗೆಲ್ಲ ತೋರಿಸೋಕೆ ಕ್ಯಾಮೆರಾ ಮುಂದೆ, ಕೋರ್ಟಿಗೆ ಮಾತ್ರ ಮರೆ. 2014ರಲ್ಲಿ ಇಬ್ರೂ ತಪ್ಪೊಪ್ಕೊಂಡ್ರು. ಅವಳಿಗೆ 15 ತಿಂಗಳು, ಅವನಿಗೆ 41. ನಾಲ್ಕು ಹೆಣ್ಣುಮಕ್ಕಳಿದ್ರಲ್ಲ, ನ್ಯಾಯಾಧೀಶೆ ಎಸ್ತರ್ ಸಾಲಸ್ ಇಬ್ರನ್ನೂ ಒಟ್ಟಿಗೆ ಒಳಗೆ ಹಾಕ್ಲಿಲ್ಲ. ಒಬ್ರಾದ ಮೇಲೆ ಒಬ್ರು ಹೋಗಿ, ಒಬ್ರು ಮನೇಲಿರಿ ಅಂದ್ರು. ಅವಳು 2015ರ ಜನವರಿಯಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿ ಜೈಲಿಗೆ ಹೋಗಿ ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ ಮನೆಗೆ ಬಂದ್ಲು. ಆಮೇಲೆ ಅವನು.

ಇಲ್ಲಿರೋ ನಮ್ಮಂಥೋರ ಎದೆ ಝಲ್ ಅನ್ನೋದು ಅದರ ನಂತರದ್ದಕ್ಕೆ. ಜೋ ಹುಟ್ಟಿದ್ದು ಇಟಲಿಯಲ್ಲಿ, ಕೂಸಾಗಿದ್ದಾಗ ಇಲ್ಲಿಗೆ ಕರ್ಕೊಂಡು ಬಂದಿದ್ರು. ಇಲ್ಲೇ ಬೆಳೆದ, ಇಲ್ಲೇ ಮದುವೆ, ಮಕ್ಕಳು, ಅರಮನೆ. ಪೌರತ್ವ ಮಾತ್ರ ತಗೊಂಡಿರ್ಲಿಲ್ಲ. ಶಿಕ್ಷೆ ಮುಗಿಸಿ ಬಂದ್ರೆ ಮನೆಗೆ ಬಿಡ್ಲಿಲ್ಲ, ನೇರ ವಲಸೆ ಇಲಾಖೆ ವಶಕ್ಕೆ. 2019ರಲ್ಲಿ ಇಟಲಿಗೆ ಹೋದ. ಮುಂದಿನ ವರ್ಷ ಇಬ್ರಿಗೂ ಡೈವೋರ್ಸ್ ಆಯ್ತು. ಅವನು ಇಟಲಿಗೆ ಹೊರಟ ಸುದ್ದಿ ಬಂದ ರಾತ್ರಿ ಇವ್ರು ಎದ್ದು ಹೋಗಿ ಬೀರುವಿನಿಂದ ನಮ್ಮ ಗ್ರೀನ್ ಕಾರ್ಡು ತೆಗೆದು ತಾರೀಕು ನೋಡ್ಕೊಂಡು ಬಂದ್ರು. ನಾನು ನಗ್ಲಿಲ್ಲ.

ಮಧ್ಯೆ ಏನೇನೋ ಆಯ್ತು ಬಿಡಿ. ಮೂರನೇ ಸೀಸನ್ನಿಗೆ ತೆರೇಸಾ ತಮ್ಮ, ತಮ್ಮನ ಹೆಂಡ್ತಿ ಬಂದ್ರು, ಅವರ ಮಗೂಗೆ ಚರ್ಚಲ್ಲಿ ಹೆಸರಿಟ್ಟ ದಿನಾನೇ ಕೈ ಕೈ ಮಿಲಾಯಿಸಿದ್ರು. ಅಲ್ಲಿಂದ ಮುಂದೆ ಅಕ್ಕ ತಮ್ಮನ ಜಗಳಾನ ವರ್ಷಾನುಗಟ್ಟಲೆ ಎಳೆದ್ರು. ನಂಗೆ ಸಾಕಾಗಿ ಬಿಟ್ಬಿಟ್ಟೆ. ಅಷ್ಟು ಹೊತ್ತಿಗೆ ನಂಗೂ ಕೆಲಸದ ಪರವಾನಗಿ ಬಂದಿತ್ತು, ರಾತ್ರಿ ಹೊತ್ತು ಲೆಕ್ಕ ಬರೆಯೋದಿರ್ತಿತ್ತು. ಯಾರದ್ದೋ ಅಂಗಡಿ ಲೆಕ್ಕ, ಪೈಸೆ ಪೈಸೆಗೆ ರಸೀತಿ ಕೇಳ್ತೀನಿ ಅಂತ ಬೈಸ್ಕೊಳ್ತೀನಿ.

ಹಂಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ನ್ಯೂಜೆರ್ಸಿ ಹೆಂಗಸರು ಹಂಗಿಲ್ಲ. ಶನಿವಾರ ಎಡಿಸನ್ನಿನ ಕೃಷ್ಣ ವೃಂದಾವನಕ್ಕೆ ಬಂದು ನೋಡಿ, ಊಟದ ಸಾಲಲ್ಲಿ ಯಾರೂ ಮೇಜು ಎತ್ತಲ್ಲ. ಮಾತಲ್ಲಿ ಎತ್ತೋರು ಒಂದಿಬ್ರು ಇದಾರೆ, ಬಂದಾಗ ತೋರಿಸ್ತೀನಿ.

ಇನ್ನು ಪುಟ್ಟಿ ಕೇಳಿದ್ಲಲ್ಲ, ಬೇಸಿಗೆಗೆ ಬಂದಾಗ ಆ ಟೊವಾಕೋ ಅರಮನೆ ಮುಂದೆ ಫೋಟೋ ತೆಗೆಸ್ಕೊಳ್ಳೋಣ್ವಾ ಅಂತ. ಬೇಡ ಕಣೇ, ಯಾರದ್ದೋ ಮನೆ ಮುಂದೆ ಕಾರ್ ನಿಲ್ಲಿಸ್ಕೊಂಡು. ಪ್ಯಾಟರ್ಸನ್ನಿಗೆ ಹೋಗೋಣ. ಅಲ್ಲಿ 77 ಅಡಿ ಜಲಪಾತ ಇದೆ, ಆ ನೀರಿನ ಬಲದ ಮೇಲೇ ಒಂದು ಕಾಲದಲ್ಲಿ ಗಿರಣಿಗಳು ನಡೀತಿದ್ದದ್ದು. ರೇಷ್ಮೆ ಊರು ಅಂತಾನೇ ಹೆಸರು, ನಮ್ಮ ರಾಮನಗರಕ್ಕೆ ಅಂತೀವಲ್ಲ ಹಂಗೆ. ದೊಡ್ಡತ್ತೆ, ನೀವು ಸ್ವೆಟರ್ ತನ್ನಿ, ಜೂನಲ್ಲೂ ಆ ಸೇತುವೆ ಮೇಲೆ ತುಂತುರು ಹೊಡೆಯತ್ತೆ. ಮೊಬೈಲ್ ಬ್ಯಾಟರಿ ಕೆಂಪಾಯ್ತು, ಇಡ್ತೀನಿ.