ಬಿ.ಎಸ್ಸಿ. ಮುಗೀತು, ಪುರಾತತ್ವದ ಲ್ಯಾಬ್ ಕೆಲಸ ಕಲಿಯಬೇಕು. ಮಾನಸಗಂಗೋತ್ರಿಯೋ, ಪುಣೆಯೋ?

ನಾಗಮಂಗಲದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಕೆಮಿಸ್ಟ್ರಿ ಮತ್ತು ಬಾಟನಿ. ಮನೆಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡು, ಇಲ್ಲಾಂದ್ರೆ ಬಿ.ಎಡ್. ಮಾಡು ಅನ್ನುತ್ತಿದ್ದಾರೆ. ನನ್ನ ಮನಸ್ಸು ಪುರಾತತ್ವದ ಕಡೆ. ಅದರಲ್ಲೂ ಅಗೆದ ಮೇಲೆ ಸಿಕ್ಕಿದ ಮಡಕೆ ಚೂರು, ಇದ್ದಿಲು, ಲೋಹ, ಮೂಳೆ ಇವನ್ನೆಲ್ಲ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರಲ್ಲ, ಆ ಕೆಲಸ ಕಲಿಯಬೇಕು.

ನಮ್ಮ ಹೊಲದಲ್ಲಿ ಉಳುವಾಗ ಕಬ್ಬಿಣದ ಕಿಟ್ಟ (ಕಬ್ಬಿಣ ಮಾಡುವಾಗ ಉಳಿಯುವ ಕಸ) ಸಿಗುತ್ತದೆ. ಕಪ್ಪಗೆ, ಭಾರವಾಗಿ, ಮೇಲೆಲ್ಲ ಗುಳ್ಳೆ ಗುಳ್ಳೆ. ಕೆಲವದರ ಮೇಲೆ ಹರಿದು ಗಟ್ಟಿಯಾದ ಗೆರೆಗಳು ಚೆನ್ನಾಗಿ ಕಾಣುತ್ತವೆ. ಊರಿನಲ್ಲಿ ಯಾರಿಗೂ ಅದು ಯಾವ ಕಾಲದ್ದು ಅಂತ ಗೊತ್ತಿಲ್ಲ, ಬದುವಿಗೆ ಎಸೆದು ಸುಮ್ಮನಾಗುತ್ತಾರೆ. ಅದನ್ನ ನೋಡಿಕೊಂಡೇ ಬೆಳೆದವಳು ನಾನು.

ಕೇಳಬೇಕಾದದ್ದು ಇಷ್ಟು. ಮೈಸೂರಿನಲ್ಲೇ ಎಂ.ಎ. ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಸೇರಿದರೆ ಲ್ಯಾಬ್ ಕಡೆ ಹೋಗಲು ಆಗುತ್ತದಾ, ಅಥವಾ ಪುಣೆಯ ಡೆಕ್ಕನ್ ಕಾಲೇಜಿಗೇ ಹೋಗಬೇಕಾ? ಯಾವ ಯಂತ್ರ ಮೊದಲು ಕಲಿಯಬೇಕು? ಆ ಕಿಟ್ಟವನ್ನ ಎಲ್ಲಾದರೂ ಪರೀಕ್ಷೆ ಮಾಡಿಸಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬೂದಿದಿಬ್ಬ:

ಮೈಸೂರಿನಲ್ಲಿ ಓದಿ ಉತ್ಖನನಗಳಲ್ಲಿ ಕೆಲಸ ಮಾಡುತ್ತಿರುವವನು ನಾನು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಮೊದಲು ಪುರಾತತ್ವ ಓದಿ. ಲ್ಯಾಬಿಗೆ ಪ್ರಶ್ನೆ ಹೋಗುವುದು ಗುಂಡಿಯಿಂದ. ಅಗೆತ ಗೊತ್ತಿಲ್ಲದವರು ಯಂತ್ರದ ಮುಂದೆ ಕೂತರೆ ಸಂಖ್ಯೆಗಳು ಬರುತ್ತವೆ, ಅವಕ್ಕೆ ಅರ್ಥ ಬರುವುದಿಲ್ಲ.

ಬಳ್ಳಾರಿ ಕಡೆಯ ಬೂದಿದಿಬ್ಬಗಳನ್ನೇ ತೆಗೆದುಕೊಳ್ಳಿ. ಕುಡತಿನಿಯಂಥ ಕಡೆ ಬೂದಿ ಗುಡ್ಡದ ಹಾಗೆ ಬಿದ್ದಿದೆ. ಜ್ವಾಲಾಮುಖಿ ಎಂದವರಿದ್ದರು, ಕಬ್ಬಿಣ ಕರಗಿಸಿದ ಜಾಗ ಎಂದವರೂ ಇದ್ದರು. ಸಗಣಿ ಸುಟ್ಟ ಬೂದಿ ಇರಬೇಕು ಎಂದು 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರು. ಆದರೂ ವಾದ ಮುಗಿಯಲಿಲ್ಲ. 1957ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿ ಪದರಗಳ ನಡುವೆ ದನಗಳ ಗೊರಸಿನ ಗುರುತು ಸಿಕ್ಕಿತು. ಇನ್ನೊಂದು ಕಡೆ ವಿಜ್ಞಾನಿ ಝಾಯ್ನರ್ ಬೂದಿಯನ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ಇದು ಸಗಣಿಯದೇ ಎಂದು ತೋರಿಸಿದರು. ಗೊರಸಿನ ಗುರುತನ್ನ ಗುರುತಿಸಿದ ಕಣ್ಣು ಮತ್ತು ಬೂದಿ ಪರೀಕ್ಷಿಸಿದ ಕೈ, ಎರಡೂ ಸೇರಿದಾಗಲೇ ಅಲ್ಲಿ ದನ ಕಟ್ಟುತ್ತಿದ್ದ ನವಶಿಲಾಯುಗದ ಜನ ಇದ್ದರು ಅನ್ನುವುದು ಗಟ್ಟಿಯಾದದ್ದು.

ಮೈಸೂರು ಅಂದರೆ ಶಾಸನ ಅನ್ನುವ ಹಾಗಿದೆ ನಮ್ಮ ಹೆಸರು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ಶಾಖೆ ಇಲ್ಲೇ ಇದೆ, ಅದು ಹೆಮ್ಮೆಯ ವಿಷಯವೇ. ಆದರೆ ತಿ.ನರಸೀಪುರದಲ್ಲಿ ನವಶಿಲಾಯುಗದ ನೆಲೆ ಅಗೆದಿದ್ದಾರೆ, ತಲಕಾಡಿನಲ್ಲಿ ಅಗೆದಿದ್ದಾರೆ. ಅಂಥ ಕಡೆ ಸಿಕ್ಕಿದ ವಸ್ತುಗಳನ್ನ ಹೊಸ ವಿಧಾನಗಳಿಂದ ಮತ್ತೆ ನೋಡುವವರು ಬೇಕು. ಮನೆಗೆ ಹತ್ತಿರ ಇದ್ದುಕೊಂಡೇ ಈ ಕೆಲಸಕ್ಕೆ ಬರಬಹುದು.

ಸೇರುವ ಮೊದಲು ಒಂದು ಕೆಲಸ ಮಾಡಿ. ಎಂ.ಎ. ಮುಗಿಸಿದವರನ್ನ ಹುಡುಕಿ, ಡಿಸರ್ಟೇಶನ್‌ಗೆ (ಎಂ.ಎ. ಪ್ರಬಂಧಕ್ಕೆ) ಮಾದರಿಗಳನ್ನ ಎಲ್ಲಿ ಪರೀಕ್ಷೆ ಮಾಡಿಸಿದಿರಿ ಅಂತ ಕೇಳಿ. ಸಿಲಬಸ್ ಓದುವುದಕ್ಕಿಂತ ಅದರಿಂದ ಜಾಸ್ತಿ ತಿಳಿಯುತ್ತದೆ.

ಕುವೆಂಪುನಗರ ಮೇಷ್ಟ್ರು:

ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಬೂದಿದಿಬ್ಬ ಅವರ ಮಾತನ್ನ ಪೂರ್ತಿ ಒಪ್ಪುವುದಿಲ್ಲ. ನೋಡಮ್ಮ, ಯಂತ್ರ ಒಳಗೆ ಏನು ಮಾಡುತ್ತಿದೆ ಅಂತ ತಿಳಿಯದೆ ಅದರ ಫಲಿತಾಂಶ ನಂಬುವುದೂ ಅಷ್ಟೇ ಅಪಾಯ.

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಈಗ ಎಲ್ಲರಿಗೂ ಇಷ್ಟ. ವಸ್ತುವಿಗೆ ಹಿಡಿದರೆ ನಿಮಿಷದಲ್ಲಿ ಯಾವ ಧಾತು ಎಷ್ಟಿದೆ ಅಂತ ತೋರಿಸುತ್ತದೆ, ವಸ್ತುವಿಗೆ ಏಟೂ ಆಗುವುದಿಲ್ಲ. ಆದರೆ ಅದು ನೋಡುವುದು ಮೇಲ್ಮೈಯನ್ನ ಮಾತ್ರ. ನೂರಾರು ವರ್ಷ ಮಣ್ಣಿನಲ್ಲಿದ್ದ ಕಂಚಿನ ಮೇಲ್ಪದರದಿಂದ ತಾಮ್ರ ಕರಗಿ ಹೋಗಿ ತವರ ಉಳಿದುಕೊಂಡಿರುತ್ತದೆ. ಅದನ್ನೇ ಓದಿಕೊಂಡು "ಇದು ತವರ ಜಾಸ್ತಿ ಇರುವ ಕಂಚು" ಅಂತ ಬರೆದುಬಿಟ್ಟರೆ ಮುಗೀತು, ತಪ್ಪು ವರದಿ ಪುಸ್ತಕಕ್ಕೆ ಸೇರುತ್ತದೆ. ಇನ್ನು ಕಬ್ಬಿಣಕ್ಕೆ ಬಂದರೆ, ಮೆದು ಕಬ್ಬಿಣವೋ ಉಕ್ಕೋ ಅನ್ನುವುದು ಇಂಗಾಲದ ಮೇಲೆ ನಿಂತಿದೆ, ಎಕ್ಸ್‌ಆರ್‌ಎಫ್‌ಗೆ ಇಂಗಾಲ ಕಾಣುವುದೇ ಇಲ್ಲ. ಅದಕ್ಕೆ ಹಳೆಯ ದಾರಿಯೇ ಬೇಕು: ಸಣ್ಣ ಚೂರು ಕತ್ತರಿಸಿ, ರಾಳದಲ್ಲಿ ಕೂರಿಸಿ, ಕನ್ನಡಿಯಾಗುವ ತನಕ ಉಜ್ಜಿ, ಆಲ್ಕೋಹಾಲಿನಲ್ಲಿ ಬೆರೆಸಿದ ಸ್ವಲ್ಪ ನೈಟ್ರಿಕ್ ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪದರ ಪದರವಾಗಿ ಪರ್ಲೈಟ್ (ಇಂಗಾಲ ಸೇರಿದ ಕಬ್ಬಿಣದ ಒಂದು ರಚನೆ) ಕಂಡರೆ ಅಲ್ಲಿ ಇಂಗಾಲ ಇದೆ ಅಂತ ಅರ್ಥ. ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಕಂಚು ಮತ್ತು ಉಕ್ಕಿನ ಮೇಲೆ ಮಾಡಿರುವ ಕೆಲಸ ಓದು. ಇಂಥ ಪರೀಕ್ಷೆಗಳಿಂದ ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗುತ್ತದೆ.

ಮನೆಯವರ ಚಿಂತೆಯನ್ನೂ ತಳ್ಳಿಹಾಕಬೇಡ. ಎಂ.ಎಸ್ಸಿ. ಕೆಮಿಸ್ಟ್ರಿ ಇದ್ದರೆ ಪಾಠ ಮಾಡುವ ಕೆಲಸ ಇದೆ, ಕಾರ್ಖಾನೆಯ ಲ್ಯಾಬ್ ಇದೆ, ಪುರಾತತ್ವ ಇಲಾಖೆಯ ವಿಜ್ಞಾನ ಶಾಖೆಯಲ್ಲಿ ಸಂರಕ್ಷಣೆಯ ಕೆಲಸಕ್ಕೂ ರಸಾಯನಶಾಸ್ತ್ರ ಓದಿದವರು ಬೇಕು. ಅದು ಡೆಹ್ರಾಡೂನಿನಲ್ಲಿದೆ. ಪುರಾತತ್ವವನ್ನ ಆಮೇಲೆ ಸೇರಿಸಿಕೊಳ್ಳಬಹುದು.

ಹುರುಳಿಕಾಳು:

ತಿ.ನರಸೀಪುರದವಳು, ಈಗ ಪುಣೆಯಲ್ಲಿ ಹಳೆಯ ಕಾಳುಬೀಜಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಇಬ್ಬರೂ ನಿಮ್ಮ ಕೆಮಿಸ್ಟ್ರಿ ಹಿಡಿದುಕೊಂಡು ಮಾತಾಡಿದರು, ಬಾಟನಿಯನ್ನ ಮರೆತೇಬಿಟ್ಟರು! ನನ್ನ ಪ್ರಕಾರ ನಿಮ್ಮ ಹತ್ತಿರ ಇರುವ ಒಳ್ಳೆಯ ಬಂಡವಾಳ ಅದೇ.

ಉತ್ಖನನದಲ್ಲಿ ಒಲೆ, ಕಸದ ಗುಂಡಿ, ಮನೆಯ ನೆಲ ಇಂಥ ಕಡೆಯ ಮಣ್ಣನ್ನ ಚೀಲಕ್ಕೆ ತುಂಬುತ್ತೇವೆ. ಆಮೇಲೆ ನೀರಿಗೆ ಸುರಿದು ಕದಡುತ್ತೇವೆ. ಭತ್ತ ನೆನೆಹಾಕಿದಾಗ ಜೊಳ್ಳು ಮೇಲೆ ಬರುವ ಹಾಗೆ ಸುಟ್ಟು ಕರಿಯಾದ ಕಾಳು, ಇದ್ದಿಲು ತೇಲುತ್ತವೆ. ಅವನ್ನ ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ನೆರಳಿನಲ್ಲಿ ಒಣಗಿಸುತ್ತೇವೆ. ಬಿಸಿಲಿಗಿಟ್ಟರೆ ಬೇಗ ಒಣಗಿ ಬಿರಿದು ಹೋಗುತ್ತವೆ. ಮಾಡುವ ಕೆಲಸ ಇಷ್ಟೇ. ಇದಕ್ಕೆ ಬೇಕಾಗಿದ್ದು ಡ್ರಮ್ಮು, ನೀರು, ಜರಡಿ, ತಾಳ್ಮೆ, ಒಂದು ಸಾಧಾರಣ ಸೂಕ್ಷ್ಮದರ್ಶಕ.

ಇದರಿಂದ ತಿಳಿದದ್ದು ಸಣ್ಣದಲ್ಲ. ಬಳ್ಳಾರಿ ಸುತ್ತಿನ ನವಶಿಲಾಯುಗದ ನೆಲೆಗಳಲ್ಲಿ ಹಳೆಯ ಬೀಜಗಳ ತಜ್ಞ ಡೋರಿಯನ್ ಫುಲ್ಲರ್ ಮತ್ತು ಜೊತೆಯವರು ಈ ರೀತಿ ನೋಡಿದಾಗ ಮುಖ್ಯವಾಗಿ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ ಅನ್ನುವ ಸಿರಿಧಾನ್ಯ, ಜೊತೆಗೆ ನವಣೆಯ ಜಾತಿಯ ಒಂದು ಹುಲ್ಲಿನ ಧಾನ್ಯ. ಅಂದರೆ ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿಯವರು ಹುರುಳಿ ಬೇಯಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಇವತ್ತಿಗೂ ಹುರುಳಿ ಬಸ್ಸಾರು ಮಾಡುತ್ತೇವಲ್ಲ. ಇದನ್ನ ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಕಷ್ಟ ಇರುವುದು ಗುರುತಿಸುವುದರಲ್ಲಿ. ಹೆಸರು ಮತ್ತು ಉದ್ದು ಸುಟ್ಟ ಮೇಲೆ ಬಣ್ಣ ಇಲ್ಲ, ಸಿಪ್ಪೆ ಇಲ್ಲ, ಎರಡೂ ಒಂದೇ ಥರ ಕಪ್ಪು. ಆಗ ಬೇಳೆ ಬಿಚ್ಚಿಕೊಂಡಿರುವ ಕಾಳನ್ನ ಹುಡುಕಿ, ಒಳಗಿನ ಮೊಳಕೆಯ ಎಲೆ ಎಷ್ಟು ಉದ್ದಕ್ಕೆ ಚಾಚಿದೆ ಅಂತ ನೋಡಬೇಕು. ಅದರಲ್ಲಿ ವ್ಯತ್ಯಾಸ ಇದೆ. ಯಾವ ಯಂತ್ರವೂ ಇದನ್ನ ನಿಮಗೆ ಹೇಳಿಕೊಡುವುದಿಲ್ಲ, ನೂರು ಕಾಳು ನೋಡಿದ ಕಣ್ಣೇ ಹೇಳಬೇಕು.

ಕಾಲ ನಿರ್ಣಯಕ್ಕೂ ಕಾಳೇ ಒಳ್ಳೆಯದು. ಇದ್ದಿಲಿನಲ್ಲಿ ಒಂದು ತೊಡಕಿದೆ: ಅದು ದೊಡ್ಡ ಮರದ ಒಳತಿರುಳಿನದ್ದಾದರೆ, ಒಲೆ ಹಚ್ಚುವುದಕ್ಕಿಂತ ನೂರಿನ್ನೂರು ವರ್ಷ ಹಳೆಯ ದಿನಾಂಕ ಬರಬಹುದು. ಹುರುಳಿ ಒಂದೇ ಬೆಳೆಯದ್ದು. ಈಗ ಇಂಗಾಲ-14 ಅಳೆದು ಕಾಲ ಹೇಳುವ ಎಎಂಎಸ್ ವಿಧಾನಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಸಾಕು, ಕೆಲವೇ ಕಾಳಿನಿಂದ ಕೆಲಸ ಆಗುತ್ತದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿ ಈ ಸೌಲಭ್ಯ ಇದೆ.

ಪುಣೆಯ ಬಗ್ಗೆ: ಡೆಕ್ಕನ್ ಕಾಲೇಜಿನಲ್ಲಿ ಬೀಜ, ಮೂಳೆ, ಮಣ್ಣು, ರಸಾಯನ ಇವಕ್ಕೆಲ್ಲ ಬೇರೆ ಬೇರೆ ಲ್ಯಾಬ್ ಇವೆ, ಪಕ್ಕಪಕ್ಕದಲ್ಲೇ ಇವೆ, ಅದು ದೊಡ್ಡ ಅನುಕೂಲ. ಮನೆಯಲ್ಲಿ ಒಪ್ಪಿದರೆ ಬನ್ನಿ. ಒಪ್ಪದಿದ್ದರೆ ಮೈಸೂರಿನಲ್ಲಿ ಎಂ.ಎ. ಮಾಡಿ. ಮಾನಸಗಂಗೋತ್ರಿಯಲ್ಲಿ ಬಾಟನಿ, ಭೂವಿಜ್ಞಾನ, ಪ್ರಾಣಿಶಾಸ್ತ್ರ ಎಲ್ಲ ಒಂದೇ ಕ್ಯಾಂಪಸ್ಸಿನಲ್ಲಿವೆ, ನಡೆದು ಹೋಗಿ ಕೇಳುವುದಕ್ಕೆ ಸಂಕೋಚ ಬೇಡ. ಎಂ.ಎ. ಆದ ಮೇಲೆ ಗ್ರೇಟರ್ ನೋಯ್ಡಾದಲ್ಲಿ ಪುರಾತತ್ವ ಇಲಾಖೆಯ 2 ವರ್ಷದ ಪಿ.ಜಿ. ಡಿಪ್ಲೊಮಾ ಕೂಡ ಇದೆ.

ನಾಗಮಂಗಲದ ಹುಡುಗಿ:

ಅಕ್ಕ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಟನಿ ಇದಕ್ಕೆ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಪ್ರಶ್ನೆ. ಮಡಕೆ ಒಳಗೆ ಅಂಟಿರುವ ಕೊಬ್ಬಿನಿಂದ ಏನು ಅಡುಗೆ ಮಾಡಿದ್ದರು ಅಂತ ಕಂಡುಹಿಡಿಯುತ್ತಾರಂತೆ. ಅದಕ್ಕೆ ಜಿಸಿ-ಎಂಎಸ್ (ಬೆರೆತ ರಾಸಾಯನಿಕಗಳನ್ನ ಬೇರ್ಪಡಿಸಿ ಗುರುತಿಸುವ ಯಂತ್ರ) ಬೇಕು ಅಂತ ಓದಿದೆ. ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ ಇದೆಯಲ್ಲ, ಆಹಾರದ ಸಂಶೋಧನೆಗೇ ಇರುವ ಸಂಸ್ಥೆ. ಅಲ್ಲಿಯವರ ಜೊತೆ ಸೇರಿ ಇಂಥದ್ದು ಮಾಡಬಹುದಲ್ವಾ? ಮತ್ತೆ ಆ ಕಿಟ್ಟದ ವಿಷಯ ಯಾರೂ ಹೇಳಲಿಲ್ಲ.

ಕುವೆಂಪುನಗರ ಮೇಷ್ಟ್ರು:

ಒಳ್ಳೆಯ ಯೋಚನೆ. ಕೊಬ್ಬಿನ ಆಮ್ಲಗಳನ್ನ ಬೇರ್ಪಡಿಸಿ ಗುರುತಿಸುವುದು ಆಹಾರ ವಿಜ್ಞಾನದವರ ದಿನನಿತ್ಯದ ಕೆಲಸ. ಆದರೆ ಅಲ್ಲಿಗೆ ಹೋಗಬೇಕಾದರೆ ಗೈಡ್ ಮೂಲಕ, ಬರವಣಿಗೆಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಬೇಕು. ಈಗಿನ ಹರಿಯಾಣ, ಉತ್ತರಪ್ರದೇಶದ ಸಿಂಧೂ ಕಾಲದ ನೆಲೆಗಳ ಮಡಕೆಗಳಲ್ಲಿ ಪ್ರಾಣಿಗಳ ಕೊಬ್ಬು ಸಿಕ್ಕಿದೆ ಅಂತ ಅಕ್ಷಯೇತಾ ಸೂರ್ಯನಾರಾಯಣ್ ಅವರ ತಂಡ ತೋರಿಸಿದೆ. ಅದನ್ನ ಓದಿಕೋ. ನಮ್ಮ ಬಿಸಿಲು, ಮಳೆಗೆ ಕೊಬ್ಬು ಉಳಿಯುವುದು ಕಡಿಮೆ ಅನ್ನುವುದೂ ನೆನಪಿರಲಿ.

ಬೂದಿದಿಬ್ಬ:

ಮೇಷ್ಟ್ರು ಹೇಳಿದ್ದಕ್ಕೆ ಇದನ್ನ ಸೇರಿಸುತ್ತೇನೆ, ಯಾಕೆಂದರೆ ಕೆಲಸ ಕೆಡುವುದು ಲ್ಯಾಬಿಗೆ ಹೋಗುವ ಮುಂಚೆಯೇ. ಕೊಬ್ಬಿನ ಪರೀಕ್ಷೆಗೆ ಕೊಡುವ ಬೋಕಿಯನ್ನ (ಮಡಕೆ ಚೂರನ್ನ) ತೊಳೆಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ಪ್ಲಾಸ್ಟಿಕ್ ಕವರಿಗೆ ಹಾಕಬಾರದು. ಕೈಯ ಎಣ್ಣೆ, ಪ್ಲಾಸ್ಟಿಕ್ಕಿನ ರಾಸಾಯನಿಕ ಎಲ್ಲ ಯಂತ್ರದಲ್ಲಿ ಕಾಣುತ್ತವೆ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಆದರೆ ನಮ್ಮ ಕಡೆ ಸಂಜೆಯಾದರೆ ಮೊದಲು ಮಾಡುವ ಕೆಲಸವೇ ಬಕೆಟ್ಟು, ಬ್ರಶ್ಶು ಹಿಡಿದು ಬೋಕಿ ತಿಕ್ಕುವುದು! ಒಂದು ಉತ್ಖನನದಲ್ಲಂತೂ ಇದ್ದಿಲಿನ ಪೊಟ್ಟಣದ ಮೇಲೆ ಪದರದ ಸಂಖ್ಯೆಯನ್ನೇ ಬರೆದಿರಲಿಲ್ಲ. ಒಳ್ಳೆಯ ಇದ್ದಿಲು, ಆದರೆ ಅದರ ದಿನಾಂಕ ಬಂದರೂ ಯಾವುದಕ್ಕೆ ಹಚ್ಚುವುದು? ಹಾಗೇ ಪಕ್ಕಕ್ಕಿಟ್ಟರು. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಕಿಟ್ಟದ ವಿಷಯ. ಹರಿದ ಗೆರೆಗಳಿವೆ ಅಂದಿರಲ್ಲ, ಅದು ಕುಲುಮೆಯಿಂದ ಬಿಸಿಯಾಗಿ ಹೊರಗೆ ಹರಿಸಿದ ಕಿಟ್ಟ ಇರಬಹುದು. ಹಾಗಿದ್ದರೆ ಅಲ್ಲಿ ಅದಿರಿನಿಂದ ಕಬ್ಬಿಣ ತೆಗೆದಿದ್ದಾರೆ, ಸುಮ್ನೆ ಕಮ್ಮಾರನ ಕುಲುಮೆ ಅಲ್ಲ ಎನ್ನಲು ಆಧಾರ. ಕಿಟ್ಟದ ಹೊಟ್ಟೆಯಲ್ಲಿ ಕೆಲವೊಮ್ಮೆ ಇದ್ದಿಲಿನ ಚೂರು ಸಿಕ್ಕಿಹಾಕಿಕೊಂಡಿರುತ್ತದೆ, ಅದರಿಂದ ಕಾಲ ತಿಳಿಯಬಹುದು. ಆದರೆ ಕಬ್ಬಿಣ ಕರಗಿಸುವುದು ನಮ್ಮ ಹಳೇ ಮೈಸೂರಿನಲ್ಲಿ ಬ್ರಿಟಿಷ್ ಪ್ರವಾಸಿ ಬುಕಾನನ್ ಬಂದ 1800ರಲ್ಲೂ ನಡೆಯುತ್ತಿತ್ತು. ಕಿಟ್ಟ ಇದೆ ಅಂದಮಾತ್ರಕ್ಕೆ ಬೃಹತ್ ಶಿಲಾಯುಗ (ದೊಡ್ಡ ಕಲ್ಲಿನ ಸಮಾಧಿ ಕಟ್ಟುತ್ತಿದ್ದ, ಕಬ್ಬಿಣ ಬಳಸುತ್ತಿದ್ದ ಪ್ರಾಚೀನ ಕಾಲ) ಅನ್ನುವುದಕ್ಕೆ ಆಗುವುದಿಲ್ಲ.

ನೀವಾಗಿ ಅಗೆಯಬೇಡಿ. ಅದಕ್ಕೆ ಅನುಮತಿ ಬೇಕು, ಅಗೆದರೆ ಪದರವೂ ಹಾಳಾಗುತ್ತದೆ. ಹೊಲದ ನಕ್ಷೆ ಬರೆದು, ಎಲ್ಲಿ ಕಿಟ್ಟ ಜಾಸ್ತಿ, ಎಲ್ಲಿ ಕುಲುಮೆ ಗೋಡೆಯ ಸುಟ್ಟ ಮಣ್ಣು, ಎಲ್ಲಿ ಬೋಕಿ ಅಂತ ಗುರುತು ಮಾಡಿ. ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಬದುವಿಗೆ ಎಸೆದದ್ದು ಯಾವ ಕಡೆಯಿಂದ ಬಂತು ಅಂತ ಮನೆಯಲ್ಲಿ ದೊಡ್ಡವರನ್ನ ಕೇಳಿ ಬರೆದಿಡಿ. ಅಷ್ಟಿದ್ದರೆ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಬಹುದು, ಅದರ ಕಚೇರಿ ಮೈಸೂರಿನಲ್ಲೇ ಇದೆ. ನಾಳೆ ನಿಮ್ಮ ಡಿಸರ್ಟೇಶನ್‌ಗೂ ಅದೇ ಆಗುತ್ತದೆ.

ನಾಗಮಂಗಲದ ಹುಡುಗಿ:

ನಕ್ಷೆ ಈ ವಾರವೇ ಶುರು ಮಾಡುತ್ತೇನೆ. ಹುರುಳಿಕಾಳು ಅಕ್ಕ, ಕಾಳು ಗುರುತಿಸುವುದನ್ನ ಅಡ್ಮಿಷನ್ ತನಕ ಮನೆಯಲ್ಲೇ ಅಭ್ಯಾಸ ಮಾಡಬಹುದಾ?

ಹುರುಳಿಕಾಳು:

ಖಂಡಿತ ಮಾಡಬಹುದು. ಹುರುಳಿ, ಹೆಸರು, ಉದ್ದು, ಅವರೆ, ತೊಗರಿ, ರಾಗಿ, ನವಣೆ, ಕೊರಲೆ ತನ್ನಿ. ಪೇಟೆಯ ಪಾಲಿಶ್ ಮಾಡಿದ್ದು ಬೇಡ, ರೈತರ ಮನೆಯ ಬಿತ್ತನೆ ಬೀಜ ಆಗಬೇಕು. ಪ್ರತಿಯೊಂದರಲ್ಲೂ ಇಪ್ಪತ್ತು ಕಾಳಿನ ಉದ್ದ, ಅಗಲ ಅಳೆದು ಬರೆಯಿರಿ. ಆಮೇಲೆ ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಫಲ್ ಫರ್ನೇಸ್ (ತುಂಬಾ ಬಿಸಿ ಮಾಡುವ ಮುಚ್ಚಿದ ಒಲೆ) ಇದ್ದರೆ ಕೇಳಿಕೊಂಡು, ಗಾಳಿ ಸೇರದ ಹಾಗೆ ಕಾಳುಗಳನ್ನ ಮರಳಿನಲ್ಲಿ ಹೂತು 250 ಡಿಗ್ರಿ ಸುತ್ತಮುತ್ತ ಕೆಲವು ಗಂಟೆ ಇಡಿ. ಜಾಸ್ತಿ ಬಿಸಿಯಾದರೆ ಉಬ್ಬಿ ಒಡೆಯುತ್ತವೆ. ಕರಿಯಾದ ಮೇಲೆ ಮತ್ತೆ ಅಳೆಯಿರಿ, ಎಷ್ಟು ಕುಗ್ಗಿವೆ ಅಂತ ಗೊತ್ತಾಗುತ್ತದೆ. ಸಣ್ಣ ಡಬ್ಬಿಯಲ್ಲಿ ಹಾಕಿ ಜಾತಿ, ಊರು, ವರ್ಷ ಬರೆದಿಡಿ. ಪುಣೆಗೆ ಬಂದರೂ ಮೈಸೂರಿಗೆ ಹೋದರೂ ಆ ಡಬ್ಬಿಗಳು ಜೊತೆಗೇ ಇರಲಿ.

ಕೊರಲೆ ಮಂಡ್ಯದ ಕಡೆ ಸಿಗುವುದು ಕಷ್ಟ. ಸಿಗದಿದ್ದರೆ ಇಲ್ಲೇ ತಿಳಿಸಿ, ಪಾವಗಡದ ಗೆಳತಿಯ ಮನೆಯಿಂದ ತರಿಸಿ ಕಳಿಸುತ್ತೇನೆ.