ದಿನಕ್ಕೊಂದು ಕೊಲಾಜ್ ಅಂತ ಶುರು ಮಾಡಿ ನಿಂತುಹೋಗಿದೆ, ನೀವು ಹೇಗೆ ಮಾಡುತ್ತೀರಿ?

ಪ್ರಶ್ನೆ: ಆಫೀಸಿಂದ ಬಂದ ಮೇಲೆ ಅರ್ಧ ಗಂಟೆ ಸಿಗುತ್ತದೆ. ಚಿತ್ರ ಬರೆಯಲು ಬರುವುದಿಲ್ಲ, ಅದಕ್ಕೇ ಕೊಲಾಜ್ ಹಿಡಿದೆ, ಅಂದರೆ ಚಿತ್ರ, ಕಾಗದದ ಚೂರು ಕತ್ತರಿಸಿ ಅಂಟಿಸಿ ಹೊಸ ಚಿತ್ರ ಮಾಡುವುದು. ಎ4 ಹಾಳೆ, ಫೆವಿಕಾಲ್, ಹಳೇ ವಾರಪತ್ರಿಕೆಗಳು. ಹದಿನೈದು ದಿನ ನಡೆಯಿತು. ಹಾಳೆ ಹಪ್ಪಳದ ಹಾಗೆ ಸುಕ್ಕಾಗುತ್ತದೆ. ಅದಕ್ಕಿಂತ ಜಾಸ್ತಿ ಕಷ್ಟ ಅಂದರೆ, ಚಿತ್ರ ಹುಡುಕುವುದರಲ್ಲೇ ಅರ್ಧ ಗಂಟೆ ಮುಗಿಯುತ್ತದೆ. ಅನುಭವ ಇದ್ದವರು ಹೇಳಿ.

ಮೈಸೂರಿನಿಂದ:
ಮೂರು ವರ್ಷದಿಂದ ಮಾಡುತ್ತಿದ್ದೇನೆ. ದಿನಾ ಅಂದರೆ ಸುಳ್ಳಾಗುತ್ತದೆ, ವಾರಕ್ಕೆ ನಾಲ್ಕೈದು. ಮೊದಲು ಎ4 ಬಿಡಿ, ಅರ್ಧ ಗಂಟೆಗೆ ಅದು ದೊಡ್ಡ ಹೊಲ. ಪೋಸ್ಟ್ ಕಾರ್ಡ್ ಅಳತೆ ಸಾಕು. ನಾನು ಅಂಟಿಸುವುದು ಲಗ್ನಪತ್ರಿಕೆಗಳ ಹಿಂಬದಿಗೆ. ದಪ್ಪ ಕಾಗದ, ಪುಕ್ಕಟೆ, ಯಾರ ಮನೆಯಲ್ಲಿ ಇಲ್ಲ ಹೇಳಿ?

ಇನ್ನೊಂದು, ಕತ್ತರಿಸುವುದೂ ಅಂಟಿಸುವುದೂ ಒಂದೇ ದಿನ ಬೇಡ. ಭಾನುವಾರ ಟಿವಿ ಮುಂದೆ ಕೂತು ಸುಮ್ನೆ ಕತ್ತರಿಸುತ್ತೇನೆ. ಏನಾಗುತ್ತದೆ ಅಂತ ಯೋಚಿಸುವುದಿಲ್ಲ. ಎಲ್ಲ ಒಂದು ಸ್ವೀಟ್ ಡಬ್ಬಿಗೆ. ವಾರದ ದಿನ ಕಣ್ಣು ಮುಚ್ಚಿ ಐದು ತುಂಡು ತೆಗೆಯುವುದು, ಬೇಡ ಅನಿಸಿದರೆ ಒಂದನ್ನು ಮಾತ್ರ ವಾಪಸ್ ಹಾಕಬಹುದು. ಮೊನ್ನೆ ಸೀರೆ ಜಾಹೀರಾತಿನ ಒಂದು ಕೈ ಬಂತು, ಜೊತೆಗೆ ಕ್ಯಾಲೆಂಡರಿನ ಅಮಾವಾಸ್ಯೆಯ ಕಪ್ಪು ಚುಕ್ಕೆ. ಚುಕ್ಕೆಯನ್ನು ಬೆರಳ ತುದಿಯಲ್ಲಿ ಇಟ್ಟೆ. ಅಷ್ಟೇ, ಮುಗಿಯಿತು. ಹುಡುಕಿಕೊಂಡು ಹೋಗಿದ್ದರೆ ಆ ಜೋಡಿ ಸಿಗುತ್ತಿರಲಿಲ್ಲ.

ಬೆಂಗಳೂರಿನಿಂದ:
ಸುಕ್ಕಿನ ವಿಷಯ ನಾನು ಹೇಳುತ್ತೇನೆ, ನಮ್ಮಪ್ಪನದು ಪುಸ್ತಕ ಬೈಂಡಿಂಗ್ ಕೆಲಸ. ಫೆವಿಕಾಲ್‌ನಲ್ಲಿ ನೀರಿರುತ್ತದೆ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಎಳೆದುಕೊಳ್ಳುತ್ತದೆ. ತೆಳ್ಳಗಿನ ಹಾಳೆ ಆ ಎಳೆತ ತಡೆಯುವುದಿಲ್ಲ. ಅಂಟು ಸ್ವಲ್ಪವೇ ಹಾಕಿ, ಹಳೇ ಎಟಿಎಂ ಕಾರ್ಡಿನಿಂದ ತೆಳ್ಳಗೆ ಸವರಿ. ಮೇಲೊಂದು ಬಟರ್ ಪೇಪರ್ ಇಟ್ಟು ರಾತ್ರಿಯಿಡೀ ದಪ್ಪ ಪುಸ್ತಕದ ಅಡಿಯಲ್ಲಿ ಬಿಡಿ. ಆದರೂ ರಟ್ಟು ಬಗ್ಗಿದರೆ ಹಿಂದೆಯೂ ಒಂದು ಹಾಳೆ ಅಂಟಿಸಿ. ಎರಡೂ ಕಡೆ ಎಳೆತ ಸಮ ಆದರೆ ನೆಟ್ಟಗಾಗುತ್ತದೆ.

ಮೈದಾ ಅಂಟೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಹುಳು ಬರುತ್ತದೆ. ಅಪ್ಪ ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ತೀರ್ಥಹಳ್ಳಿಯಿಂದ:
ನಮ್ಮ ಕಡೆ ಮಳೆಗಾಲದಲ್ಲಿ ಮೈದಾ ಅಂಟಿಗೆ ಹುಳು ಬರುವ ಮೊದಲೇ ಬೂಷ್ಟು ಬರುತ್ತದೆ! ಗ್ಲೂ ಸ್ಟಿಕ್ ವಾಸಿ. ನನ್ನದೊಂದು ಪೆಟ್ಟು ಕೇಳಿ: ಒಂದು ವರ್ಷದ ಬಸ್ ಟಿಕೆಟ್‌ಗಳನ್ನೆಲ್ಲ ಸೇರಿಸಿ ದೊಡ್ಡ ಬಸ್ಸಿನ ಚಿತ್ರ ಮಾಡಿದ್ದೆ. ಕಿಟಕಿ ಪಕ್ಕ ತೂಗುಹಾಕಿದೆ. ಮುಂದಿನ ಬೇಸಿಗೆಗೆ ಬರೀ ಬಿಳಿ ಬಸ್ಸು ಉಳಿಯಿತು. ಮೆಷಿನ್ ಟಿಕೆಟ್‌ನಲ್ಲಿ ಇಂಕ್ ಇರುವುದಿಲ್ಲ, ಶಾಖಕ್ಕೆ ಕಪ್ಪಾಗುವ ಕಾಗದ ಅದು, ಅಳಿಸಿಹೋಗುತ್ತದೆ. ಈಗ ಮೊದಲು ಜೆರಾಕ್ಸ್ ಮಾಡಿಸಿ ಅಂಟಿಸುತ್ತೇನೆ. ಇಂಕ್‌ಜೆಟ್ ಪ್ರಿಂಟ್ ಆದರೆ ಅಂಟಿನ ನೀರಿಗೆ ಬಣ್ಣ ಹರಡುವ ಸಾಧ್ಯತೆ ಜಾಸ್ತಿ, ನೋಡಿಕೊಳ್ಳಿ.

ಧಾರವಾಡದಿಂದ, ನಿವೃತ್ತ ಟೀಚರ್:
ದಿನಾ, ದಿನಾ ಅಂತ ಯಾಕೆ ಇಷ್ಟು ಹಟ? ಇಂಗ್ಲೆಂಡಿನಲ್ಲಿ ಮೇರಿ ಡೆಲನಿ ಅಂತ ಒಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1770ರ ದಶಕದಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂ ಮಾಡಲು ಕೂತರು. ಕಪ್ಪು ಹಿನ್ನೆಲೆ, ಒಂದೊಂದು ಎಸಳಿಗೂ ಬೇರೆ ಬೇರೆ ಚೂರು. ಕಣ್ಣು ಮಂಜಾಗುವ ತನಕ, ಸುಮಾರು ಹತ್ತು ವರ್ಷದಲ್ಲಿ 985 ಹೂಗಳು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಲೆಕ್ಕ ಹಾಕಿ ನೋಡಿ, ಆ ಅಜ್ಜಿಗೂ ಬಿದ್ದದ್ದು ಹೆಚ್ಚುಕಡಿಮೆ ನಾಲ್ಕು ದಿನಕ್ಕೊಂದು. ನಾನು 64ಕ್ಕೆ ಶುರು ಮಾಡಿದೆ. ಕೆಲವು ದಿನ ಡಬ್ಬಿ ತೆರೆದು ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಮುಚ್ಚಿಡುತ್ತೇನೆ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಟ್ಟದಲ್ಲಿ ಹುಡುಕಿದೆ, ನಮ್ಮದೇ ಮದುವೆಯ ಪತ್ರಿಕೆ ನಲವತ್ತು ಉಳಿದಿವೆ. ಒಳ್ಳೇ ದಪ್ಪ ಕಾಗದ. ಹೆಂಡತಿಯನ್ನು ಕೇಳಿ ಕತ್ತರಿ ಹಿಡಿಯಬೇಕು.